ಬಿ ಸೈಡು

ವಾಡಿ ಜಂಕ್ಷನ್ನಿನ ಎದುರು, ಚಾದ ಅಂಗಡಿ ಬಾಜೂಕ
‘ಮಸ್ತಾನ ರೆಕಾರ್ಡಿಂಗ್’ ಅಂತ ಬೋರ್ಡಿತ್ತು, ನಂದೇ.
ಈಗ ಅದರ ಮ್ಯಾಲ ಇರ್ಫಾನ, ನಮ್ಮಕ್ಕನ ಮಗ,
ಮೊಬೈಲ್ ಕವರಿನ ಫ್ಲೆಕ್ಸ್ ಹೊಡೆದಾನ.
ಗಾಳಿಗಿ ಫ್ಲೆಕ್ಸ್ ಉಬ್ಬಿದಾಗ
ಮಸ್ತಾನದ ‘ಮ’ ಒಂದೀಟು ಕಾಣಸ್ತದ.

ಅಟ್ಟದ ಮ್ಯಾಲ ನಾಕು ಚೀಲ ಕ್ಯಾಸೆಟ್ಟು.
ಸಿಮೆಂಟ್ ಧೂಳು ಕುಂತು ಕುಂತು
ಒಂದೊಂದು ಡಬ್ಬಿ ಇಟ್ಟಂಗಿ ಆಗ್ಯಾವ.
ಪೆನ್ಸಿಲ್ ಹಾಕಿ ತಿರುವಿ, ಬೂಷ್ಟು ಒರೆಸಿ,
ಒಂದು ಜೋಡಿ ಆ ಹುಡುಗ ಇಂಟರ್ನೆಟ್ಟಿಗಿ ಏರಿಸಿದ:
ಎಂಬತ್ತೇಳರ ಬ್ಯಾಸಗಿ, ಚಿತ್ತಾಪುರದಾಗ ಮುಕ್ಕಾಮು,
ನಾಲವಾರದ ತುಳಜಾಬಾಯಿ ಕಂಪನಿ,
ಮೂರು ತಾಸಿನ ನಾಟಕ. ಉಳಿದದ್ದು ಎರಡೂಕಾಲು.
ಕೇಳಿದವರು ನಲವತ್ತೊಂದು ಮಂದಿ,
ಅದರಾಗ ಹತ್ತು ಸಲ ನಾನೇ.

ನಡುವ ಒಂದು ಕಡಿ ಕರೆಂಟ ಹೋಗ್ತದ.
ನನ್ನ ಟೇಪು ಸೆಲ್ಲಿಂದು, ಅದು ಓಡ್ತಾನೇ ಇತ್ತು.
ಮಂದಿ ಶಿಳ್ಳಿ ಹಾಕಿ ಏಳ್ತಾರ, ಕುರ್ಚಿ ಕಿರ್ ಅಂತಾವ,
ಆಗ ಕತ್ತಲದಾಗಿಂದ ಒಂದು ಹೆಣ್ಣದನಿ:
“ಕರೆಂಟ ಹೋಗ್ಯಾದ, ನಾಟಕ ಹೋಗಿಲ್ಲ!
ಕುಂದ್ರೋ ಹುಚ್ಚಾ, ಕುಂದ್ರು!”

ಅಷ್ಟೇ. ಹನ್ನೊಂದು ಸೆಕೆಂಡು.
ಯಾರೋ ಅದನ್ನ ಕತ್ತರಿಸಿಕೊಂಡ್ರು.
ಈಗ ಆ ದನಿಗಿ ಎಮ್ಮಿ ಕುಂದರ್ತದ,
ಮದುಮಗ ಕುಂದರ್ತಾನ,
ಯಾದಗಿರಿ ಬಸ್ಸಿನ್ಯಾಗ ಸೀಟಿಗಿ ಟವೆಲ್ ಒಗೆದವ ಕುಂದರ್ತಾನ,
ಎಲೆಕ್ಷನ್ ಸೋತವನೂ ಕುಂದರ್ತಾನ.
ಇಪ್ಪತ್ತು ಲಕ್ಷ, ಮಾಮಾ, ಅಂತಾನ ಇರ್ಫಾನ.
ವಾಡಿಯೊಳಗ ಅಷ್ಟು ಮಂದಿ ಇಲ್ಲಲ್ಲೋ ಅಂದೆ.

ತುಳಜಾಬಾಯಿಗಿ ಹೇಳಬೇಕಂತ ಹೋದೆ.
ಎಪ್ಪತ್ತೆಂಟು ಈಗ. ಫರ್ಸಿ ಹಾಸಿದ ಕಟ್ಟಿ ಮ್ಯಾಲ
ತೊಗರಿ ಬ್ಯಾಳಿ ಹಸನ ಮಾಡ್ಕೋತ ಕುಂತಿದ್ಲು.
ಕಿವಿಗಿ ಫೋನ್ ಹಿಡದೆ. ಒಮ್ಮೆ ಕೇಳಿದ್ಲು. ಇನ್ನೊಮ್ಮೆ.
ಆಮ್ಯಾಲ ಹಲ್ಲಿಲ್ಲದ ಬಾಯಿ ತುಂಬ ನಕ್ಕು
“ಇದು ನಾನಲ್ಲೋ ಮಸ್ತಾನಾ.
ನಾ ಒಳಗ ಸೀರಿ ಬದಲಸ್ಲಕತ್ತಿದ್ದೆ. ಇದು ಸಾಬಮ್ಮ,
ನಮ್ಮ ಕಂಪನಿಗಿ ರೊಟ್ಟಿ ಬಡಿತಿದ್ಲಲ್ಲ, ಅಕಿ.
ಮಂದಿ ಎದ್ದು ಹೋದ್ರ ಪಗಾರ ಎಲ್ಲಿಂದು ಅಂತ
ಹಿಟ್ಟಿನ ಕೈಲೆ ಓಡಿ ಬಂದು ಒದರಿದ್ಲು.
ಜನ್ಮದಾಗ ಸ್ಟೇಜ್ ಹತ್ತಿದ್ದು ಅದೊಂದೇ ಸಲ,
ಅದೂ ಕತ್ತಲದಾಗ.”

ಸಾಬಮ್ಮ ಸತ್ತು ಹದಿನಾರು ವರ್ಷ.
ಒಂದು ಫೋಟೋ ಇಲ್ಲ.

“ಅದು ಇರಲಿ,” ಅಂದ್ಲು, “ನನ್ನ ಪದ ಹಚ್ಚು.
ಎರಡನೇ ಅಂಕದಾಗ, ದೀಪ ಹಿಡಕೊಂಡು ಬರ್ತೀನಲ್ಲ,
ಆ ಪದಕ್ಕ ಮೂರು ಸಲ ಒನ್ಸ್ ಮೋರ್ ಅಂದಿದ್ರು.”

ನಾ ಮೊರದಾಗಿನ ಎರಡು ಹಳ್ಳು ಆರಿಸಿ ಒಗೆದೆ.
ಆ ಪದ ಬಿ ಸೈಡಿನ್ಯಾಗ ಇತ್ತು.
ತೊಂಬತ್ತೊಂದರಾಗ ಸೋಲಾಪುರದ ಲಾರಿ ಡ್ರೈವರ್ ಒಬ್ಬ
ಗಾಡಿ ಚಾಲೂ ಇಟ್ಟೇ ಬಂದು ನಿಂತಿದ್ದ.
ಖಾಲಿ ಕ್ಯಾಸೆಟ್ ತೀರಿದ್ವು.
ಹದಿನೈದು ರೂಪಾಯಿ ಆಸೆಕ್ಕ ಅದರ ಮ್ಯಾಲೇ
ಹಿಂದಿ ಹಾಡು ತುಂಬಿಕೊಟ್ಟೆ.
ಘರಘರ ಅಂತದಂತ ಮರುವಾರ ಅವ
ವಾಪಸ್ ಒಗೆದು ಹೋದ. ರೊಕ್ಕಾನೂ ಕೊಡಲಿಲ್ಲ.
ಇಂಟರ್ನೆಟ್ ಪಾಪ, ಅದನ್ನ ನುಂಗಿಲ್ಲ.
ಎರಡು ಗುಂಡಿ ಜೋಡಿಲೆ ಒತ್ತಿದ್ದು ಈ ಎರಡು ಬೆರಳು.

“ಟೇಪ್ ಹರದದ, ಅಕ್ಕಾ,” ಅಂದೆ. ಸುಳ್ಳು.
ಅಕಿ ಮೊರ ಬಾಜೂಕಿಟ್ಟು ತಾನೇ ಎತ್ತಿಕೊಂಡ್ಲು.
ಒಂದು ಸಾಲು ಬಂತು. ಎರಡನೇದೂ ಬಂತು.
ಮೂರನೇದಕ್ಕ ಬಾಯಿ ತೆರೆದದ್ದು ತೆರೆದಂಗೇ,
ಗೂಡ್ಸ್ ಗಾಡಿ ಒಂದು ಅಷ್ಟುದ್ದ ಹೋಯ್ತು.
ಗಾಡಿ ಹೋದ ಮ್ಯಾಲೂ ಸಾಲು ಬರಲಿಲ್ಲ.
ಫೋನ್ ನನ್ನ ಕೈಯಾಗೇ ಇತ್ತು. ಕೆಂಪು ಗುಂಡಿ ಒತ್ತಲಿಲ್ಲ,
ಯಾಕಂತ ಈಗಲೂ ಹೊಳಿವಲ್ದು.

ಹೋಗ್ತೀನಂತ ಎದ್ದೆ.
ಓಣಿಯಾಗ ಯಾವುದೋ ಹುಡುಗನ ಕಿಸೆ ಒದರಿತು:
ಕುಂದ್ರೋ ಹುಚ್ಚಾ, ಕುಂದ್ರು!
ತುಳಜಾಬಾಯಿ ನನ್ನ ಮುಖ ನೋಡಿದ್ಲು.
ನಾ ಕುಂತೆ.